ವಾರಂಟಿನ ಗುಟ್ಟು ಎಲ್ಲಿಯವರೆಗೆ?

2017ರ ಏಪ್ರಿಲ್ 18ರಂದು ವಿಜಯ್ ಮಲ್ಯ ಲಂಡನ್ನಿನ ಪೊಲೀಸ್ ಠಾಣೆಯೊಂದಕ್ಕೆ ತಾವಾಗಿಯೇ ಹೋದರು. ಭಾರತದ ಹಸ್ತಾಂತರ ಕೋರಿಕೆಯ ಮೇರೆಗೆ ಅಲ್ಲೇ ಬಂಧನವಾಯಿತು. ಕೆಲವೇ ಗಂಟೆಗಳಲ್ಲಿ ಆರೂವರೆ ಲಕ್ಷ ಪೌಂಡ್ ಭದ್ರತೆಯ ಮೇಲೆ ಜಾಮೀನೂ ಸಿಕ್ಕಿತು. ಎರಡು ವರ್ಷದ ಬಳಿಕ ಅದೇ ಊರಿನಲ್ಲಿ ನೀರವ್ ಮೋದಿ ಸಿಕ್ಕಿಬಿದ್ದಿದ್ದು ಖಾತೆ ತೆರೆಯಲು ಬ್ಯಾಂಕಿಗೆ ಹೋದಾಗ. ಕಾನೂನು ಒಂದೇ, ಬಂಧನದ ರೀತಿ ಬೇರೆ.

ಹಾಗಾದರೆ, ವಾರಂಟ್ ಹೊರಟಿದೆ ಎಂದು ಆರೋಪಿಗೆ ಮೊದಲೇ ಹೇಳಬೇಕೇ?

ಎಲ್ಲರಿಗೂ ಹೇಳಲಾಗದು. ಮಲ್ಪೆ ಮೂಲದ ಭೂಗತ ಪಾತಕಿ ರವಿ ಪೂಜಾರಿ ಹೆಸರು ಬದಲಿಸಿಕೊಂಡು ಸೆನೆಗಲ್‌ನಲ್ಲಿದ್ದ. 2019ರ ಜನವರಿಯಲ್ಲಿ ಸೆರೆಸಿಕ್ಕು, ಜಾಮೀನು ದೊರೆತೊಡನೆ ತಲೆಮರೆಸಿಕೊಂಡ. ಅವನನ್ನು ಬೆಂಗಳೂರಿಗೆ ಕರೆತರುವಾಗ 2020ರ ಫೆಬ್ರುವರಿ ಬಂದಿತ್ತು. ಇಂಥವರಿಗೆ ಮುನ್ಸೂಚನೆ ಕೊಟ್ಟರೆ ನ್ಯಾಯಕ್ಕಾಗಿ ಕಾದವರಿಗೆ ಮಾಡುವ ದ್ರೋಹವಾದೀತು.

ಆದರೆ ಮನೆ, ವಕೀಲರು, ಸಂಸಾರ ಎಲ್ಲವೂ ಗೊತ್ತಿರುವವರ ಮೇಲೆ ದಾಳಿಯೇಕೆ? 2012ರಲ್ಲಿ ಅಮೆರಿಕದ ಕೋರಿಕೆಯಂತೆ ನ್ಯೂಜಿಲೆಂಡ್ ಪೊಲೀಸರು ಅಂತರ್ಜಾಲ ಉದ್ಯಮಿ ಕಿಮ್ ಡಾಟ್‌ಕಾಮ್ ಮನೆಯಂಗಳಕ್ಕೆ ಬಂದೂಕು ಹಿಡಿದು ಹೆಲಿಕಾಪ್ಟರಿನಲ್ಲಿ ಇಳಿದರು. ಪ್ರಕರಣದ ಮೂಲ ಹಕ್ಕುಸ್ವಾಮ್ಯ ಉಲ್ಲಂಘನೆ. ಹಸ್ತಾಂತರಕ್ಕೆ ಸಚಿವರು ಸಹಿ ಹಾಕಿದ್ದು 2024ರಲ್ಲಿ. ಅಷ್ಟೂ ವರ್ಷ ಆತ ದೇಶ ಬಿಟ್ಟು ಓಡಲಿಲ್ಲ.

ಇನ್ನೂ ಕಳವಳದ ಸಂಗತಿ ಹುವಾವೇ ಕಂಪನಿಯ ಮೆಂಗ್ ವಾಂಜೌ ಅವರದು. ನ್ಯೂಯಾರ್ಕಿನ ನ್ಯಾಯಾಲಯ 2018ರ ಆಗಸ್ಟ್‌ನಲ್ಲೇ ವಾರಂಟ್ ಹೊರಡಿಸಿತ್ತು. ಹಾಂಗ್‌ಕಾಂಗ್‌ನಿಂದ ಹೊರಟು ಡಿಸೆಂಬರ್ 1ರಂದು ವ್ಯಾಂಕೂವರ್‌ನಲ್ಲಿ ಇಳಿದಾಗ ಕೆನಡಾ ಪೊಲೀಸರ ಕೈಯಲ್ಲಿ ತಮ್ಮ ನ್ಯಾಯಾಲಯದ ಬಂಧನಾದೇಶವೂ ಇತ್ತು. ಆದರೂ ಮೊದಲು ಮಾತಾಡಿಸಿದ್ದು ಗಡಿ ಅಧಿಕಾರಿಗಳು. ಫೋನ್ ತೆಗೆದುಕೊಂಡರು, ಪಾಸ್‌ಕೋಡ್ ಕೇಳಿ ಪಡೆದರು, ಪ್ರಶ್ನೆ ಹಾಕಿದರು. ಬಂಧನದ ವಿಷಯ ಆಕೆಗೆ ತಿಳಿದದ್ದು ಸುಮಾರು ಮೂರು ಗಂಟೆಯ ನಂತರ. ವಿಮಾನ ಇಳಿಯುವವರೆಗಿನ ಗುಟ್ಟು ಸರಿಯೇ; ಆ ಮೂರು ಗಂಟೆಯ ಗುಟ್ಟನ್ನು ಒಪ್ಪಲಾಗದು. ವಕೀಲರನ್ನು ಕರೆಯಬೇಕೆಂದೇ ಗೊತ್ತಿಲ್ಲದವರ ಬಾಯಿಂದ ಉತ್ತರ ಪಡೆಯುವುದು ತನಿಖೆಯಲ್ಲ, ವಂಚನೆ.

ಬಂಧಿಸಿದ ಬಳಿಕ ಸಾಧ್ಯವಾದಷ್ಟು ಬೇಗ ವಾರಂಟಿನ ಪ್ರತಿ ಕೊಡದಿದ್ದರೆ ಆರೋಪಿಯನ್ನು ಬಿಡುಗಡೆ ಮಾಡುವ ಅಧಿಕಾರವನ್ನು ಬ್ರಿಟನ್ನಿನ 2003ರ ಕಾಯ್ದೆ ನ್ಯಾಯಾಧೀಶರಿಗೆ ಕೊಟ್ಟಿದೆ. ನಮ್ಮಲ್ಲೂ ಜಾರಿ ನಿರ್ದೇಶನಾಲಯ ಬಂಧಿಸುವಾಗ ಕಾರಣಗಳನ್ನು ಬರವಣಿಗೆಯಲ್ಲೇ ಕೊಡಬೇಕೆಂದು ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿತು. ಬೇರೆ ದೇಶ ಕೇಳಿದವರನ್ನು 1962ರ ಹಸ್ತಾಂತರ ಕಾಯ್ದೆಯಡಿ ಇಲ್ಲಿ ಹಿಡಿಯುವಾಗಲೂ ಅದೇ ಕಟ್ಟುನಿಟ್ಟು ಬೇಕು: ಕರೆದರೆ ಬರುವವರನ್ನು ಠಾಣೆಗೆ ಕರೆಸಿಯೇ ಬಂಧಿಸಲಿ, ಓಡುವ ಶಂಕೆಯಿದ್ದರೆ ಅದನ್ನು ಮ್ಯಾಜಿಸ್ಟ್ರೇಟರ ಮುಂದೆ ಬರೆದುಕೊಟ್ಟು ಗುಟ್ಟಾಗಿ ಹಿಡಿಯಲಿ. ಯಾರನ್ನೇ ಹಿಡಿದರೂ ಮೊದಲ ಪ್ರಶ್ನೆ ಕೇಳುವ ಮುನ್ನ ವಾರಂಟಿನ ಪ್ರತಿ, ಅವರಿಗೆ ಅರ್ಥವಾಗುವ ಭಾಷೆಯಲ್ಲಿ, ಕೈಸೇರಲಿ.