ಹಿಮನದಿಯ ಬಾಗಿಲಿಗೆ ಏಳು ದಿನದ ಹಡಗು

ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರು ಊರಿನಿಂದ ಬಂದ ಅಪ್ಪ ಅಮ್ಮನನ್ನು ಮೊದಲ ಸಲ ಕರೆದೊಯ್ಯುವುದು ಸಾಮಾನ್ಯವಾಗಿ ನಯಾಗರಾ ಜಲಪಾತಕ್ಕೆ. ಎರಡನೆಯ ಸಲ ಬಂದರೆ ಅಲಾಸ್ಕಾದ ಮಾತು ಏಳುತ್ತದೆ. ಮೂರು ನಾಲ್ಕು ಗೆಳೆಯರ ಮನೆಯವರು ಒಟ್ಟುಗೂಡಿ, ಮಕ್ಕಳ ಶಾಲೆಗೆ ಬೇಸಿಗೆ ರಜೆ ಬಿಟ್ಟ ಮೇಲೆ, ಸಿಯಾಟಲ್ ಅಥವಾ ವ್ಯಾಂಕೂವರ್ ಬಂದರಿನಲ್ಲಿ ಹಡಗು ಹತ್ತುತ್ತಾರೆ. ಏಳು ದಿನ ಊಟ, ನಿದ್ದೆ, ಆಟ, ಹರಟೆ ಎಲ್ಲ ಹಡಗಿನಲ್ಲೇ. ಬೆಳಿಗ್ಗೆ ಕಣ್ಣು ಬಿಟ್ಟರೆ ಒಂದು ಹೊಸ ಊರು ಕಿಟಕಿಯ ಹೊರಗೆ ಬಂದು ನಿಂತಿರುತ್ತದೆ.

ಫೋಟೋಗಳಲ್ಲಿ ಕಾಣುವುದು ಇಷ್ಟೇ. ಆದರೆ ಭೂಗೋಳ, ಇತಿಹಾಸ, ಜೀವಶಾಸ್ತ್ರ, ಅರ್ಥಶಾಸ್ತ್ರ ಎಂದು ಶಾಲೆಯಲ್ಲಿ ಬೇರೆ ಬೇರೆಯಾಗಿ ಓದುವ ಪಾಠಗಳು ಒಂದೇ ದಾರಿಯಲ್ಲಿ ಸಾಲಾಗಿ ಸಿಗುವ ಪ್ರವಾಸ ಇದು. ಹೋಗಿ ಬರುವ ಅವಕಾಶವಿರುವ ಮಕ್ಕಳಿಗೂ, ಮನೆಯಲ್ಲೇ ಕುಳಿತು ಅಟ್ಲಾಸ್ ಬಿಡಿಸುವ ಮಕ್ಕಳಿಗೂ ಈ ದಾರಿ ತಿಳಿದಿದ್ದರೆ ಒಳ್ಳೆಯದು.

ಒಳದಾರಿಯ ಗುಟ್ಟು

ಭೂಪಟದಲ್ಲಿ ಉತ್ತರ ಅಮೆರಿಕದ ಪಶ್ಚಿಮ ಅಂಚನ್ನು ನೋಡಿದರೆ, ಸಿಯಾಟಲ್‌ನಿಂದ ಮೇಲಕ್ಕೆ ಕರಾವಳಿ ಹರಿದ ಬಟ್ಟೆಯ ಅಂಚಿನಂತೆ ಚಿಂದಿಚಿಂದಿಯಾಗಿ ಕಾಣುತ್ತದೆ. ಅಲಾಸ್ಕಾದ ಆಗ್ನೇಯ ಭಾಗವೊಂದರಲ್ಲೇ ಸಾವಿರಕ್ಕೂ ಹೆಚ್ಚು ದ್ವೀಪಗಳಿವೆ. ಈ ದ್ವೀಪಗಳಿಗೂ ಮುಖ್ಯ ಭೂಭಾಗಕ್ಕೂ ನಡುವೆ ಇರುವ ಜಲಮಾರ್ಗಕ್ಕೆ 'ಇನ್‌ಸೈಡ್ ಪ್ಯಾಸೇಜ್', ಅಂದರೆ ಒಳದಾರಿ, ಎಂದು ಹೆಸರು. ಹಿಮಯುಗದಲ್ಲಿ ಭಾರವಾದ ಹಿಮನದಿಗಳು ಬೆಟ್ಟಗಳ ನಡುವಿನ ಕಣಿವೆಗಳನ್ನು ಉಜ್ಜಿ ಕೊರೆದವು. ಹಿಮ ಕರಗಿ ಸಮುದ್ರ ಮೇಲೇರಿದಾಗ ನೀರು ಆ ಕಣಿವೆಗಳಿಗೆ ನುಗ್ಗಿತು. ಆದ್ದರಿಂದಲೇ ಈ ಕಾಲುವೆಗಳು ಕಿರಿದಾಗಿದ್ದರೂ ಬಹಳ ಆಳ. ದೊಡ್ಡ ದೊಡ್ಡ ಹಡಗುಗಳು ಬೆಟ್ಟದ ಬುಡದಲ್ಲೇ ಹಾದುಹೋಗಬಲ್ಲವು. ಹೊರಗಿನ ಪೆಸಿಫಿಕ್ ಸಾಗರದ ಅಲೆಗಳನ್ನು ದ್ವೀಪಗಳು ತಡೆಯುವುದರಿಂದ ಹಡಗು ಹೆಚ್ಚು ಹೊಯ್ದಾಡುವುದಿಲ್ಲ. ವಯಸ್ಸಾದವರನ್ನೂ ಧೈರ್ಯವಾಗಿ ಕರೆದೊಯ್ಯಬಹುದು ಎನ್ನುವುದು ಈ ಕಾರಣಕ್ಕೇ.

ಹಂಗಾಮು ಹೆಚ್ಚುಕಡಿಮೆ ಏಪ್ರಿಲ್ ಕೊನೆಯಿಂದ ಅಕ್ಟೋಬರ್‌ವರೆಗೆ. ಜೂನ್ ತಿಂಗಳಲ್ಲಿ ಜುನೋ ಪಟ್ಟಣದಲ್ಲಿ ಹದಿನೆಂಟು ಗಂಟೆ ಹಗಲು. ರಾತ್ರಿ ಹತ್ತಕ್ಕೂ ಬೆಳಕಿರುವುದನ್ನು ಕಂಡ ಮಕ್ಕಳು ಭೂಮಿಯ ವಾಲಿಕೆಯ ಪಾಠವನ್ನು ಮತ್ತೆ ಮರೆಯುವುದಿಲ್ಲ.

ಮಳೆಯೂರು ಕೆಚಿಕನ್

ಹಡಗು ಸಾಮಾನ್ಯವಾಗಿ ನಿಲ್ಲುವ ಊರುಗಳಲ್ಲಿ ಕೆಚಿಕನ್ ಒಂದು. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಊರು ಇದು. ಕರ್ನಾಟಕದ ಕರಾವಳಿಯ ಮಳೆಗೆ ಹತ್ತಿರದ ಲೆಕ್ಕವೇ. ಆದರೆ ಅಲ್ಲಿ ಮುಂಗಾರು ಎಂಬ ಒಂದು ಕಾಲವಿಲ್ಲ. ಮಳೆ ವರ್ಷವಿಡೀ ಹಂಚಿಕೊಂಡು ಸುರಿಯುತ್ತದೆ. ಈ ಮಳೆಯನ್ನು ಕುಡಿದು ಬೆಳೆದ ಟೋಂಗಾಸ್ ಕಾಡು ಅಮೆರಿಕದ ಅತಿದೊಡ್ಡ ರಾಷ್ಟ್ರೀಯ ಅರಣ್ಯ. ಅದರ ವಿಸ್ತೀರ್ಣ ಸುಮಾರು 1 ಕೋಟಿ 67 ಲಕ್ಷ ಎಕರೆ. ಕರ್ನಾಟಕದ ಮೂರನೇ ಒಂದು ಭಾಗಕ್ಕಿಂತ ತುಸು ದೊಡ್ಡದು.

ಊರಿನಲ್ಲಿ ಕೆಂಪು ಸೀಡರ್ ಮರದ ಎತ್ತರದ ಕೆತ್ತನೆ ಕಂಬಗಳು ಕಾಣುತ್ತವೆ. ಟೋಟೆಮ್ ಕಂಬಗಳೆಂದು ಇವುಗಳ ಹೆಸರು. ಪ್ರವಾಸಿಗರು ಇವನ್ನು ದೇವರ ವಿಗ್ರಹಗಳೆಂದು ಭಾವಿಸುವುದುಂಟು. ಆದರೆ ಟ್ಲಿಂಗಿಟ್ ಮತ್ತು ಹೈಡಾ ಜನರಿಗೆ ಇವು ಮನೆತನದ ದಾಖಲೆ. ಹದ್ದು, ಕಾಗೆ, ಕರಡಿ, ತಿಮಿಂಗಿಲಗಳ ಆಕಾರದಲ್ಲಿ ಒಂದು ವಂಶದ ಕಥೆ, ಗೌರವ, ಹಕ್ಕು ಎಲ್ಲವೂ ಅಲ್ಲಿ ಕೆತ್ತಿದೆ. ಇಲ್ಲಿ ಇತಿಹಾಸವನ್ನು ಕಲ್ಲಿನಲ್ಲಿ ಬರೆಸಿ ನಿಲ್ಲಿಸಿದವರಂತೆ ಅಲ್ಲಿಯವರು ಮರದಲ್ಲಿ ಕೆತ್ತಿ ನಿಲ್ಲಿಸಿದರು.

ಚಿನ್ನದ ದಾರಿಯ ಲೆಕ್ಕ

ಒಳದಾರಿಯ ಉತ್ತರದ ತುದಿಯಲ್ಲಿರುವ ಸ್ಕಾಗ್ವೇ ಪಟ್ಟಣದ ಕಾಯಂ ಜನಸಂಖ್ಯೆ ಸುಮಾರು 1,200. ಹಡಗುಗಳು ಹೆಚ್ಚಾಗಿ ಬಂದ ದಿನ ಅದರ ಹಲವು ಪಟ್ಟು ಜನ ಬೀದಿಯಲ್ಲಿ ತುಂಬುತ್ತಾರೆ. ಈ ಊರು ಹುಟ್ಟಿದ್ದೂ ಇಂಥದೇ ನೂಕುನುಗ್ಗಲಿನಿಂದ. 1896ರ ಆಗಸ್ಟ್‌ನಲ್ಲಿ ಕೆನಡಾದ ಕ್ಲೊಂಡೈಕ್ ಪ್ರದೇಶದಲ್ಲಿ ಚಿನ್ನ ಸಿಕ್ಕಿತು. ಮರುವರ್ಷ ಜುಲೈನಲ್ಲಿ ಚಿನ್ನ ಹೊತ್ತ ಹಡಗು ಸಿಯಾಟಲ್ ತಲುಪಿದ್ದೇ ತಡ, ಸುಮಾರು ಒಂದು ಲಕ್ಷ ಜನ ಮನೆಮಠ ಬಿಟ್ಟು ಹೊರಟರು. ದಾರಿಯಲ್ಲಿ ಹಸಿದು ಸಾಯಬಾರದೆಂದು ಕೆನಡಾದ ಪೊಲೀಸರು ಒಂದು ವರ್ಷಕ್ಕಾಗುವ ಸಾಮಗ್ರಿ ತಂದವರನ್ನು ಮಾತ್ರ ಗಡಿಯೊಳಗೆ ಬಿಡುತ್ತಿದ್ದರು. ಅದರ ತೂಕ ಸುಮಾರು ಒಂದು ಟನ್. ಅದನ್ನು ಕಂತು ಕಂತಾಗಿ ಬೆನ್ನ ಮೇಲೆ ಹೊತ್ತು, ಹಿಮದ ಕಣಿವೆಯನ್ನು ಹತ್ತಾರು ಸಲ ಹತ್ತಿ ಇಳಿಯಬೇಕಿತ್ತು.

ಗುರಿ ಮುಟ್ಟಿದವರು ಮೂವತ್ತು ನಲವತ್ತು ಸಾವಿರ ಮಂದಿ. ಅಷ್ಟರಲ್ಲಿ ಒಳ್ಳೆಯ ಜಾಗಗಳೆಲ್ಲ ಮೊದಲಿದ್ದವರ ಪಾಲಾಗಿದ್ದವು. ಚಿನ್ನ ಕಂಡವರು ಕೆಲವೇ ಸಾವಿರ. ಸಲಿಕೆ, ಕಂಬಳಿ, ಹಿಟ್ಟು ಮಾರಿದ ಅಂಗಡಿಯವರು ಮಾತ್ರ ತಪ್ಪದೆ ಹಣ ಮಾಡಿದರು. ಈ ದಾರಿಗೆಂದು 1898ರಲ್ಲಿ ಆರಂಭಿಸಿದ ಮೂರಡಿ ಅಗಲದ ಹಳಿಯ ರೈಲು 1900ರಲ್ಲಿ ಪೂರ್ಣಗೊಳ್ಳುವ ಹೊತ್ತಿಗೆ ಚಿನ್ನದ ಜ್ವರವೇ ಇಳಿದಿತ್ತು. ಈಗ ಅದೇ ರೈಲು ಪ್ರವಾಸಿಗರನ್ನು ಹೊತ್ತು, 20 ಮೈಲಿಗಳಲ್ಲಿ ಮೂರು ಸಾವಿರ ಅಡಿಯಷ್ಟು ಎತ್ತರಕ್ಕೆ ಏರುತ್ತದೆ. ಎಲ್ಲರೂ ಓಡುವ ಕೋರ್ಸಿನ ಹಿಂದೆ ಓಡುವ ಹುಡುಗರೂ, ಅವರನ್ನು ಓಡಿಸುವ ಹಿರಿಯರೂ ಸ್ಕಾಗ್ವೇಯ ಲೆಕ್ಕವನ್ನು ಒಮ್ಮೆ ನೆನೆಯಬಹುದು.

ರಸ್ತೆಯಿಲ್ಲದ ರಾಜಧಾನಿ

ಅಲಾಸ್ಕಾದ ರಾಜಧಾನಿ ಜುನೋ. ಹೊರಗಿನ ಯಾವ ಊರಿನಿಂದಲೂ ಇಲ್ಲಿಗೆ ರಸ್ತೆ ಇಲ್ಲ. ವಿಮಾನ ಅಥವಾ ಹಡಗಿನಲ್ಲೇ ಬರಬೇಕು. ಹಿಂದೆ ಬೆಟ್ಟ ಮತ್ತು ಹಿಮದ ಬಯಲು, ಮುಂದೆ ಕಡಲು. ಊರಿನ ಜನಸಂಖ್ಯೆ 32,000. 2023ರಲ್ಲಿ ಇಲ್ಲಿಗೆ ಬಂದ ಹಡಗು ಪ್ರಯಾಣಿಕರು 16 ಲಕ್ಷಕ್ಕೂ ಹೆಚ್ಚು! ಅಂಗಡಿ, ಬಸ್ಸು, ತಿಮಿಂಗಿಲ ತೋರಿಸುವ ದೋಣಿ, ಎಲ್ಲಕ್ಕೂ ಇದೇ ಅನ್ನ. ಜೊತೆಗೆ ಗದ್ದಲ, ಹೊಗೆ, ಬೇಸಿಗೆಯಿಡೀ ತುಂಬಿದ ಬೀದಿ. ಊರಿನವರು ಈ ಸಮಸ್ಯೆಯನ್ನು ನಿಭಾಯಿಸಿದ ರೀತಿ ಪೌರನೀತಿಯ ಒಳ್ಳೆಯ ಪಾಠ. 2001ರಲ್ಲಿ, ದಡದಲ್ಲಿ ನಿಂತ ಪ್ರವಾಸಿ ಹಡಗು ಎಂಜಿನ್ ಆರಿಸಿ ಊರಿನ ವಿದ್ಯುತ್ ಬಳಸುವ ವ್ಯವಸ್ಥೆ ಪ್ರಪಂಚದಲ್ಲೇ ಮೊದಲು ಜಾರಿಗೆ ಬಂದದ್ದು ಇಲ್ಲಿ. 2024ರಿಂದ ದಿನಕ್ಕೆ ಐದು ದೊಡ್ಡ ಹಡಗುಗಳ ಮಿತಿ ಹಾಕಿದರು. ಅದೇ ವರ್ಷ ಅಕ್ಟೋಬರ್‌ನಲ್ಲಿ ಶನಿವಾರ ದೊಡ್ಡ ಹಡಗುಗಳೇ ಬೇಡ ಎಂಬ ಪ್ರಸ್ತಾಪ ಜನರ ಮತಕ್ಕೆ ಹೋಗಿ ಬಿದ್ದುಹೋಯಿತು. ಕೊನೆಗೆ 2026ರ ಹಂಗಾಮಿನಿಂದ ದಿನಕ್ಕೆ 16,000, ಶನಿವಾರ 12,000 ಪ್ರಯಾಣಿಕರ ಮಿತಿ ಎಂದು ಹಡಗು ಕಂಪನಿಗಳೊಡನೆ ಒಪ್ಪಂದವಾಯಿತು.

ಜುನೋಗೆ ಇನ್ನೊಂದು ಚಿಂತೆ ಮೆಂಡನ್‌ಹಾಲ್ ಹಿಮನದಿಯದು. ಪ್ರವಾಸಿಗರು ತಪ್ಪದೆ ನೋಡುವ ಜಾಗ ಇದು. ಹಿಮನದಿ ಹಿಂದೆ ಸರಿದ ಜಾಗದಲ್ಲಿ ಈಗ ಸರೋವರವಿದೆ. ಮೇಲೆ ಪಕ್ಕದಲ್ಲಿದ್ದ ಸಣ್ಣ ಹಿಮನದಿಯೊಂದು ಕುಗ್ಗಿ ಅಲ್ಲೊಂದು ಗುಂಡಿ ಉಳಿದಿದೆ. ಅದಕ್ಕೆ ಮೆಂಡನ್‌ಹಾಲ್‌ನ ಹಿಮವೇ ಅಣೆಕಟ್ಟು. ಕರಗಿದ ನೀರೂ ಮಳೆನೀರೂ ತುಂಬಿ ಒತ್ತಡ ಹೆಚ್ಚಿದಾಗ, ನೀರು ಹಿಮದ ಅಡಿಯಲ್ಲಿ ದಾರಿ ಕೊರೆದು ಒಮ್ಮೆಲೇ ಕೆಳಗೆ ನುಗ್ಗುತ್ತದೆ. 2011ರಿಂದ ಇಂಥ ನೆರೆ ಮತ್ತೆ ಮತ್ತೆ ಬಂದಿದೆ. 2023ರ ಆಗಸ್ಟ್‌ನಲ್ಲಿ ದಡ ಕೊಚ್ಚಿ ಮನೆ ನದಿಗೆ ಉರುಳಿತು. 2024ರ ಆಗಸ್ಟ್‌ನಲ್ಲಿ ಮುನ್ನೂರರಷ್ಟು ಮನೆಗಳಿಗೆ ನೀರು ನುಗ್ಗಿತು. 2025ರ ನೆರೆ ಇನ್ನೂ ಎತ್ತರಕ್ಕೆ ಏರಿದರೂ ಅಷ್ಟರಲ್ಲಿ ಕಟ್ಟಿದ್ದ ತಾತ್ಕಾಲಿಕ ತಡೆಗೋಡೆ ಹೆಚ್ಚಿನ ಮನೆಗಳನ್ನು ಉಳಿಸಿತು.

ಕಾಲದಲ್ಲಿ ಹಿಂದಕ್ಕೆ

ಈ ಯಾತ್ರೆಯ ಶಿಖರ ಗ್ಲೇಸಿಯರ್ ಬೇ. ಇಲ್ಲಿ ಹಡಗು ನಿಲ್ಲುವುದಿಲ್ಲ, ಯಾರೂ ಇಳಿಯುವುದಿಲ್ಲ. ರಾಷ್ಟ್ರೀಯ ಉದ್ಯಾನದ ರೇಂಜರುಗಳೇ ಹಡಗು ಹತ್ತಿ ವಿವರಿಸುತ್ತಾರೆ. ದಿನಕ್ಕೆ ಎರಡೇ ದೊಡ್ಡ ಪ್ರವಾಸಿ ಹಡಗುಗಳಿಗೆ ಪ್ರವೇಶ.

1794ರಲ್ಲಿ ಜಾರ್ಜ್ ವ್ಯಾಂಕೂವರ್‌ನ ತಂಡ ಇಲ್ಲಿಗೆ ಬಂದಾಗ ಈ ಕೊಲ್ಲಿಯೇ ಇರಲಿಲ್ಲ. ದೈತ್ಯ ಹಿಮನದಿಯ ಮುಖದಲ್ಲಿ ಐದು ಮೈಲಿಯ ಒಂದು ಕಚ್ಚು ಮಾತ್ರ ಇತ್ತು. 1879ರಲ್ಲಿ ಪ್ರಕೃತಿಪ್ರೇಮಿ ಜಾನ್ ಮ್ಯೂರ್ ಬಂದಾಗ ಹಿಮ 30 ಮೈಲಿಗೂ ಹೆಚ್ಚು ಹಿಂದೆ ಸರಿದಿತ್ತು. 1916ರ ವೇಳೆಗೆ 60 ಮೈಲಿ.

ಇಲ್ಲಿ ವಿದ್ಯಾರ್ಥಿಗಳು ಒಂದು ಕ್ಷಣ ನಿಂತು ಯೋಚಿಸಬೇಕು. ಈ 60 ಮೈಲಿಯ ಹಿಂಜರಿತ ನಡೆದದ್ದು ಮೋಟಾರು ವಾಹನಗಳ ಯುಗಕ್ಕೆ ಬಹುಪಾಲು ಮೊದಲೇ. 'ಕಿರು ಹಿಮಯುಗ' ಎಂಬ ಚಳಿಗಾಲ ಮುಗಿದದ್ದು ಅದರ ಮುಖ್ಯ ಕಾರಣ. ಹಾಗೆಂದು ಮನುಷ್ಯನ ಪಾತ್ರವೇ ಇಲ್ಲವೆಂದರೆ ತಪ್ಪು. ಇತ್ತೀಚಿನ ದಶಕಗಳಲ್ಲಿ ಅಲಾಸ್ಕಾದ ಬಹುತೇಕ ಹಿಮನದಿಗಳು ಒಟ್ಟಿಗೆ ತೆಳುವಾಗುತ್ತಿರುವುದಕ್ಕೆ ಕಲ್ಲಿದ್ದಲು, ಎಣ್ಣೆ ಸುಟ್ಟು ಏರಿದ ಬಿಸಿಯೇ ಮುಖ್ಯ ಕಾರಣವೆಂದು ವಿಜ್ಞಾನಿಗಳು ತೋರಿಸಿದ್ದಾರೆ. ಎರಡು ಕಾಲದ ಎರಡು ಕಾರಣಗಳನ್ನು ಬೆರೆಸದೆ ಬಿಡಿಸಿ ನೋಡುವುದೇ ವಿಜ್ಞಾನದ ಅಭ್ಯಾಸ. ಹಿಮ ನೋಡಲು ಒಯ್ಯುವ ಹಡಗೂ ಎಣ್ಣೆ ಸುಡುತ್ತದೆ ಎಂಬುದನ್ನೂ ಆ ಲೆಕ್ಕಕ್ಕೆ ಸೇರಿಸಬೇಕು.

ಕೊಲ್ಲಿಯ ಬಾಯಲ್ಲಿ ದಟ್ಟವಾದ ಸ್ಪ್ರೂಸ್ ಕಾಡು. ಒಳಗೆ ಹೋದಂತೆ ಕಾಡು ಗಿಡವಾಗಿ, ಗಿಡ ಪೊದೆಯಾಗಿ, ಪೊದೆ ಹಾವಸೆಯಾಗಿ, ಕೊನೆಗೆ ಬರೀ ಬಂಡೆ. ಹಿಮ ಮೊದಲು ಬಿಟ್ಟುಹೋದ ನೆಲದಲ್ಲಿ ಜೀವ ಮೊದಲು ಬಂತು. ತುದಿಯ ನೆಲಕ್ಕೆ ಇನ್ನೂ ಸರದಿ ಬಂದಿಲ್ಲ. ಬಂಡೆ ಕಾಡಾಗುವ ಈ ಕ್ರಮವನ್ನು ವಿಲಿಯಂ ಕೂಪರ್ ಎಂಬ ಸಸ್ಯವಿಜ್ಞಾನಿ 1916ರಿಂದ ಗುರುತುಹಾಕಿದ ತುಂಡು ನೆಲಗಳಲ್ಲಿ ಅಭ್ಯಾಸ ಮಾಡಿದರು. ಅವರ ಪ್ರಯತ್ನದ ಫಲವಾಗಿ 1925ರಲ್ಲಿ ಈ ಜಾಗಕ್ಕೆ ಸರ್ಕಾರದ ರಕ್ಷಣೆ ದೊರೆಯಿತು. ಹಿಮ ಮುಂದೊತ್ತಿ ಬಂದು ತಮ್ಮ ಹಿರಿಯರ ಊರುಗಳನ್ನು ಎಬ್ಬಿಸಿದ ಕಥೆಯನ್ನು ಹುನಾ ಟ್ಲಿಂಗಿಟ್ ಜನ ತಲೆಮಾರುಗಳಿಂದ ಹೇಳಿಕೊಂಡು ಬಂದಿದ್ದಾರೆ. 2016ರಲ್ಲಿ ಅದೇ ಕೊಲ್ಲಿಯ ದಡದಲ್ಲಿ ಅವರ ಕುಲದ ಮನೆ ಮತ್ತೆ ಎದ್ದು ನಿಂತಿತು.

ಹೊರಡುವ ಮುನ್ನ

ಗೆಳೆಯರ ಗುಂಪು ಹೊರಡುವಾಗ ಕೆಲವು ಮಾತು ಮೊದಲೇ ಆಗಿರಬೇಕು. ಟಿಕೆಟ್ಟಿನಲ್ಲಿ ಊಟ, ಕೋಣೆ ಸೇರಿದ್ದರೂ ರೈಲು, ದೋಣಿ ಮುಂತಾದ ದಡದ ಪ್ರವಾಸಗಳ ಖರ್ಚು ಬೇರೆ. ಸಿಬ್ಬಂದಿಯ ಟಿಪ್ಸ್ ತಲೆಗೆ ದಿನಕ್ಕಿಷ್ಟೆಂದು ಬೇರೆ. ಎಲ್ಲರ ಕಿಸೆಯೂ ಒಂದೇ ಆಳದ್ದಲ್ಲ. ಯಾರು ಯಾವುದಕ್ಕೆ ಬರುತ್ತಾರೆ, ಯಾರು ಬರುವುದಿಲ್ಲ ಎಂಬುದನ್ನು ಮುಜುಗರವಿಲ್ಲದೆ ಮಾತಾಡಿಕೊಂಡರೆ ಸ್ನೇಹ ಉಳಿಯುತ್ತದೆ. ಹೇಳಿದ ಸಮಯಕ್ಕೆ ಮರಳದಿದ್ದರೆ ಹಡಗು ಕಾಯುವುದಿಲ್ಲ. ಸಸ್ಯಾಹಾರ ಬೇಕಾದವರು ಟಿಕೆಟ್ ತೆಗೆಯುವಾಗಲೇ ತಿಳಿಸುವುದು ಲೇಸು.

ಮುಖ್ಯವಾದದ್ದು ವೀಸಾ. ಅಮೆರಿಕದಲ್ಲಿ 1886ರ ಒಂದು ಕಾಯಿದೆಯಿದೆ. ವಿದೇಶದಲ್ಲಿ ನೋಂದಾಯಿಸಿದ ಹಡಗು ಅಲ್ಲಿನ ಬಂದರುಗಳ ನಡುವೆಯಷ್ಟೇ ಪ್ರಯಾಣಿಕರನ್ನು ಒಯ್ಯುವಂತಿಲ್ಲ. ನಡುವೆ ಪರದೇಶದ ಬಂದರು ಮುಟ್ಟಬೇಕು. ದೊಡ್ಡ ಪ್ರವಾಸಿ ಹಡಗುಗಳು ಬಹಾಮಾಸ್, ಪನಾಮಾ, ಬರ್ಮುಡಾ ಮುಂತಾದ ಕಡೆ ನೋಂದಾಯಿತವಾಗಿರುವುದರಿಂದ ಸಿಯಾಟಲ್‌ನಿಂದ ಹೊರಟ ಹಡಗು ಕೆನಡಾದ ವಿಕ್ಟೋರಿಯಾದಂಥ ಬಂದರಿಗೆ ಹೋಗಿಯೇ ಬರುತ್ತದೆ. ಆದ್ದರಿಂದ ಭಾರತದ ಪಾಸ್‌ಪೋರ್ಟ್ ಉಳ್ಳ ಅಪ್ಪ ಅಮ್ಮನಿಗೆ ಕೆನಡಾದ ವೀಸಾ ಬೇಕಾಗುತ್ತದೆಯೇ ಎಂಬುದನ್ನು ಹಣ ಕಟ್ಟುವ ಮೊದಲೇ ವಿಚಾರಿಸಬೇಕು. ಕೊನೆಗಳಿಗೆಯಲ್ಲಿ ನೆನಪಾದರೆ ಪ್ರಯೋಜನವಿಲ್ಲ.

ಹಡಗಿನಲ್ಲಿ ಬಡಿಸುವವರು, ಹಾಸಿಗೆ ಹೊದಿಸುವವರು, ಅಡುಗೆಯವರಲ್ಲಿ ಭಾರತೀಯರು ಬಹಳ. ಗೋವಾ, ಮಂಗಳೂರು ಕಡೆಯ ಹುಡುಗರೂ ಅವರಲ್ಲಿದ್ದಾರೆ. ಹೋಟೆಲ್ ಮ್ಯಾನೇಜ್‌ಮೆಂಟ್ ಓದುವ ಮಕ್ಕಳಿಗೆ ಇದು ದೊಡ್ಡ ಆಸೆ. ತಿಂಗಳುಗಟ್ಟಲೆ ವಾರದ ರಜೆಯಿಲ್ಲದ ದುಡಿಮೆ ಎಂಬುದು ತಿಳಿದಿರಲಿ. ಭಾರತ 2015ರಲ್ಲಿ ಒಪ್ಪಿದ ಅಂತರರಾಷ್ಟ್ರೀಯ ನಾವಿಕ ಕಾರ್ಮಿಕ ಒಪ್ಪಂದದ ಪ್ರಕಾರ, ಕೆಲಸ ಕೊಡಿಸಲು ಏಜೆಂಟರು ಅಭ್ಯರ್ಥಿಯಿಂದ ಹಣ ಪಡೆಯುವಂತಿಲ್ಲ. ಭಾರತದಲ್ಲಿ ನೇಮಕಾತಿ ಏಜೆಂಟರಿಗೆ ಹಡಗು ಮಹಾನಿರ್ದೇಶನಾಲಯದ ಪರವಾನಗಿ ಇರಬೇಕು. ಮಗನನ್ನು ಹಡಗಿಗೆ ಕಳಿಸುವ ಆತುರದಲ್ಲಿ ಮನೆಪತ್ರ ಅಡವಿಡುವ ಮೊದಲು ತಂದೆತಾಯಿ ಆ ಪರವಾನಗಿಯನ್ನು ಕೇಳಿ ನೋಡಬೇಕು.

ಹೋಗುವ ಮಕ್ಕಳ ಚೀಲದಲ್ಲಿ ಕ್ಯಾಮೆರಾದ ಜೊತೆಗೆ ಒಂದು ನೋಟುಪುಸ್ತಕವೂ ಇರಲಿ. ಹಿಮದ ಅಂಚು ಎಲ್ಲಿತ್ತು, ಹಸಿರು ಎಲ್ಲಿಂದ ಶುರುವಾಯಿತು ಎಂದು ದಿನಾಂಕ ಹಾಕಿ ಬರೆದುಕೊಳ್ಳಲಿ. ವ್ಯಾಂಕೂವರ್, ಮ್ಯೂರ್, ಕೂಪರ್ ಮೂವರೂ ಕಂಡದ್ದನ್ನು ಬರೆದಿಟ್ಟದ್ದರಿಂದಲೇ ಆ ಕೊಲ್ಲಿ ಎಷ್ಟು ಬದಲಾಗಿದೆ ಎಂಬುದು ಇಂದು ಲೋಕಕ್ಕೆ ಗೊತ್ತಿದೆ.