ಬೈದದ್ದು ಅಂಪೈರ್‌ಗೆ, ತಾಗಿದ್ದು ಯಾರಿಗೆ?

ಐಪಿಎಲ್ ಸಮಯ. ನೆರೆಮನೆಯಲ್ಲಿ ಆರ್‌ಸಿಬಿ ಮ್ಯಾಚ್ ನೋಡಲು ಹತ್ತು ಹನ್ನೆರಡು ಹುಡುಗರು ಸೇರಿದ್ದರು. ನಾನೂ ಹೋಗಿದ್ದೆ, ಸುಳ್ಳು ಹೇಳುವುದಿಲ್ಲ. ಎಲ್‌ಬಿಡಬ್ಲ್ಯೂ ಕೇಳಿದರೆ ಅಂಪೈರ್ ಬೆರಳೆತ್ತಲಿಲ್ಲ, ರಿವ್ಯೂ ಕೂಡ ಮುಗಿದಿತ್ತು. "ಕುರುಡ! ಕಣ್ಣು ಕಾಣುದಿಲ್ವಾ ಅವನಿಗೆ?" ಎಂದು ಒಬ್ಬ ಕಿರುಚಿದ. ಎಲ್ಲರೂ ನಕ್ಕರು. ಮತ್ತೆ ಕೇಳಬೇಕಾ? ನಿಧಾನ ಓಡಿದವನು ಕುಂಟ, ಎದುರು ತಂಡದ ಅಭಿಮಾನಿಗಳೆಲ್ಲ ಮೆಂಟಲ್.

ಮೂಲೆಯಲ್ಲಿ ನಮ್ಮ ಮದ್ರಸದ ಹುಡುಗನೊಬ್ಬ ಕೂತಿದ್ದ. ಅವನಿಗೆ ದೃಷ್ಟಿ ಬಹಳ ಕಮ್ಮಿ, ಕಾಮೆಂಟರಿ ಕೇಳಿಯೇ ಆಟ ತಿಳಿಯುವುದು. ಯಾರಿಗೆ ಎಷ್ಟು ಓವರ್ ಬಾಕಿ ಎಂದು ಅಲ್ಲಿದ್ದವರೆಲ್ಲ ಅವನನ್ನೇ ಕೇಳುತ್ತಿದ್ದರು. ಆ ಮಾತಿನ ನಂತರ ಅವನು ಬಾಯಿ ಬಿಡಲಿಲ್ಲ.

"ಅವನಿಗೆ ಹೇಳಿದ್ದಲ್ಲ ಉಸ್ತಾದ್, ಅಂಪೈರ್‌ಗೆ" ಎಂದರು ಹುಡುಗರು. ನಿಜ. ಆದರೆ ಅಂಪೈರ್ ಎಲ್ಲೋ ದೂರದ ಮೈದಾನದಲ್ಲಿದ್ದಾರೆ, ಅವರಿಗೆ ಇದು ಕೇಳುವುದೇ ಇಲ್ಲ. ಕೇಳಿದ್ದು ಪಕ್ಕದಲ್ಲಿದ್ದವನಿಗೆ. ತನಗಿರುವ ತೊಂದರೆಯ ಹೆಸರೇ ಇಲ್ಲಿ ಬೈಗುಳ ಎಂದು ಅವನಿಗೆ ಗೊತ್ತಾಯಿತು.

ಕಣ್ಣು ಕಾಣದವರಿಗೆ ಆಟ ತಿಳಿಯದು ಎಂಬುದೂ ಸುಳ್ಳು. ಅಂಧರ ಕ್ರಿಕೆಟ್‌ನಲ್ಲಿ ಪ್ಲಾಸ್ಟಿಕ್ ಚೆಂಡಿನೊಳಗೆ ಗುಂಡುಗಳಿರುತ್ತವೆ, ಅದರ ಸದ್ದು ಕೇಳಿ ಬ್ಯಾಟ್ ಬೀಸಬೇಕು. 2012ರಲ್ಲಿ ಬೆಂಗಳೂರಿನಲ್ಲಿ ಅಂಧರ ಮೊದಲ ಟಿ20 ವಿಶ್ವಕಪ್ ಗೆದ್ದ ಭಾರತ ತಂಡದ ನಾಯಕ ಶಿವಮೊಗ್ಗ ಜಿಲ್ಲೆಯ ಶೇಖರ್ ನಾಯ್ಕ್. 2017ರಲ್ಲಿ ಪದ್ಮಶ್ರೀ ಸಿಕ್ಕಿತು. ಇನ್ನು ನಮ್ಮ ಬಿ.ಎಸ್. ಚಂದ್ರಶೇಖರ್, ಪೋಲಿಯೊದಿಂದ ಸೊರಗಿದ ಬಲಗೈಯಲ್ಲೇ ಬೌಲ್ ಮಾಡಿ 58 ಟೆಸ್ಟ್‌ಗಳಲ್ಲಿ 242 ವಿಕೆಟ್ ತೆಗೆದವರು.

ಇದನ್ನೆಲ್ಲ ಹುಡುಗರಿಗೆ ಹೇಳಿದೆ. ಹೇಳಿದ ಮೇಲೆ ನನಗೇ ಸಮಾಧಾನ ಆಗಲಿಲ್ಲ. ಮೂಲೆಯ ಹುಡುಗ ಮರ್ಯಾದೆ ಪಡೆಯಲು ವಿಶ್ವಕಪ್ ಗೆಲ್ಲಬೇಕಾ? ನಮಗೆ ಅಂಗವಿಕಲರೆಂದರೆ ಒಂದೋ "ಅಯ್ಯೋ ಪಾಪ", ಇಲ್ಲದಿದ್ದರೆ ಪವಾಡ. ಎಲ್ಲರ ಹಾಗೆ ಚಾ ಕುಡಿಯುತ್ತಾ ಆರ್‌ಸಿಬಿಗೆ ಬೊಬ್ಬೆ ಹೊಡೆಯಲು ಬಂದವನು ಅವನು, ಅಷ್ಟೇ.

ಅಡ್ಡಹೆಸರಿಟ್ಟು ಹೀಯಾಳಿಸಬಾರದೆಂದು ಸೂರಾ ಹುಜುರಾತ್‌ನಲ್ಲಿರುವುದು ಆ ಹುಡುಗರಿಗೆ ಬಾಯಿಪಾಠ. ಕಲಿಸಿದವನು ನಾನೇ. ಟಿವಿ ಮುಂದೆಯೂ ಅದು ಅನ್ವಯಿಸುತ್ತದೆಂದು ಒಮ್ಮೆಯೂ ಹೇಳಿರಲಿಲ್ಲ, ತಪ್ಪು ನನ್ನದೂ ಹೌದು. ತೀರ್ಪು ತಪ್ಪಾದರೆ ತಪ್ಪು ಎನ್ನಿ, ಕೆಟ್ಟ ಅಂಪೈರಿಂಗ್ ಎನ್ನಿ. ಬೈಯಲು ಕನ್ನಡದಲ್ಲಿ, ಬ್ಯಾರಿಯಲ್ಲಿ ಬೇರೆ ಮಾತಿಗೆ ಬರವಿಲ್ಲ.

ಮುಂದಿನ ಮ್ಯಾಚ್‌ಗೆ ಆ ಹುಡುಗ ಬರಲಿಲ್ಲ. ಮನೆಯಲ್ಲೇ ಮೊಬೈಲ್‌ನಲ್ಲಿ ಕಾಮೆಂಟರಿ ಕೇಳಿದನಂತೆ.