ಕುಯ್ಲಿನ ಕಾಲದ ರಟ್ಟೆ ನೋವು: ಎಣ್ಣೆಗಿಂತ ಮೊದಲು ಬಿಡುವು

ಕೆಮ್ಮಣ್ಣುಗುಂಡಿಯ ಸುತ್ತಲಿನ ತೋಟಗಳಲ್ಲಿ ನವೆಂಬರ್ ಬಂತೆಂದರೆ ಅರೇಬಿಕಾ ಕುಯ್ಲು. ಅದು ಮುಗಿಯುವ ಹೊತ್ತಿಗೆ ರೊಬಸ್ಟಾ ಹಣ್ಣಾಗುತ್ತದೆ. ಆ ತಿಂಗಳುಗಳಲ್ಲಿ ನನ್ನಲ್ಲಿಗೆ ಬರುವ ಹೆಣ್ಣುಮಕ್ಕಳದು ಒಂದೇ ಮಾತು: “ಡಾಕ್ಟ್ರೇ, ರಟ್ಟೆ ಎತ್ತೋಕಾಗ್ತಿಲ್ಲ, ಒಂದು ಎಣ್ಣೆ ಕೊಡಿ.”

ಎಣ್ಣೆ ಕೊಡುತ್ತೇನೆ. ರೋಗನ್ ಬಾಬೂನಾವನ್ನು ಬೆಚ್ಚಗೆ ಮಾಡಿ ಹಗುರವಾಗಿ ತಿಕ್ಕಿದರೆ ಬಿಗಿತ ಸಡಿಲವಾಗುತ್ತದೆ. ಆದರೆ ಮರುದಿನ ಅದೇ ಕೈಯನ್ನು ಅದೇ ರೆಂಬೆಗೆ ಚಾಚಿದರೆ ಎಣ್ಣೆ ತಾನೇ ಏನು ಮಾಡೀತು? ಹಿಜಾಮ ಮಾಡಿಸಿದರೆ ಎಲ್ಲ ಸರಿಹೋಗುತ್ತದೆ ಎಂದು ಬರುವವರಿಗೂ ಇದನ್ನೇ ಕೇಳುತ್ತೇನೆ. ಯುನಾನಿಯಲ್ಲಿ ಆರೋಗ್ಯಕ್ಕೆ ಅನಿವಾರ್ಯವಾದ ಆರು ಸಂಗತಿಗಳನ್ನು ‘ಅಸ್ಬಾಬೆ ಸಿತ್ತಾ ಜರೂರಿಯಾ’ ಎನ್ನುತ್ತೇವೆ. ಅವುಗಳಲ್ಲಿ ದೇಹದ ಚಲನೆ ಮತ್ತು ವಿಶ್ರಾಂತಿ ಎರಡೂ ಸೇರಿ ಒಂದು ಸಂಗತಿ. ಒಂದನ್ನು ಬಿಟ್ಟು ಇನ್ನೊಂದಿಲ್ಲ.

ತೋಳನ್ನು ಹೆಗಲಿಗಿಂತ ಮೇಲೆತ್ತಿದಾಗ ಕೀಲಿನ ಮೇಲ್ಭಾಗದ ಸಂದು ಕಿರಿದಾಗಿ, ಅಲ್ಲಿ ಹಾದುಹೋಗುವ ಸ್ನಾಯುವಿನ ತಂತು ಮೂಳೆಗೆ ಉಜ್ಜುತ್ತದೆ. ನಾಲ್ಕಾರು ಸಲಕ್ಕೆ ಏನೂ ಆಗದು. ದಿನವಿಡೀ, ವಾರಗಟ್ಟಲೆ ಉಜ್ಜಿದರೆ ತಂತು ಊದಿಕೊಳ್ಳುತ್ತದೆ, ಸವೆಯುತ್ತದೆ. ಅದಕ್ಕೆ ರಕ್ತ ಸಂಚಾರ ಕಡಿಮೆ, ಹಾಗಾಗಿ ಗುಣವಾಗುವುದೂ ನಿಧಾನ. ದೋಟಿ ಹಿಡಿದು ಅಡಿಕೆ ಕೊಯ್ಯುವವರಿಗೂ, ಮರಗಸಿ ಮಾಡುವವರಿಗೂ ಇದೇ ಕಾಟ.

ಆದ್ದರಿಂದ ಕೈಯನ್ನು ರೆಂಬೆಗೆ ಒಯ್ಯಬೇಡಿ, ರೆಂಬೆಯನ್ನೇ ಎದೆಮಟ್ಟಕ್ಕೆ ಬಗ್ಗಿಸಿಕೊಳ್ಳಿ. ಇಳಿಜಾರಿನಲ್ಲಿ ಗಿಡದ ಮೇಲ್ಬದಿಗೆ ನಿಂತರೆ ಅರ್ಧ ಕೆಲಸ ಸಲೀಸು. ರೆಂಬೆ ಹಿಡಿಯುವ ಕೈ, ಹಣ್ಣು ಬಿಡಿಸುವ ಕೈ ಆಗಾಗ ಬದಲಾಗಲಿ. ತುಂಬಿದ ಚೀಲವನ್ನು ಒಬ್ಬರೇ ತಲೆಗೇರಿಸಬೇಡಿ. ಗಂಟೆಗೊಮ್ಮೆ ಐದು ನಿಮಿಷ ತೋಳು ಇಳಿಬಿಟ್ಟು, ಹೆಗಲನ್ನು ಮೆಲ್ಲಗೆ ಹಿಂದಕ್ಕೆ ತಿರುಗಿಸಿ.

ಈ ಐದು ನಿಮಿಷವೇ ಕಷ್ಟ ಎಂಬುದು ನನಗೆ ಗೊತ್ತು. ಕೆ.ಜಿ. ಲೆಕ್ಕದ ಕೂಲಿಯಲ್ಲಿ ಕೂತವರಿಗೆ ಕಾಸಿಲ್ಲ. ಓದುಗರಲ್ಲಿ ಮೇಸ್ತ್ರಿಗಳೂ ಸಣ್ಣ ತೋಟದವರೂ ಇದ್ದೀರಿ. ಬೆಳಗ್ಗೆ ಒಂದು, ಮಧ್ಯಾಹ್ನ ಒಂದು ಬಿಡುವಿಗೆ ಕೂಲಿ ಸೇರಿಸಿ ಕೊಡಿ. ನೋವು ತಿನ್ನುತ್ತಾ ದುಡಿಯುವವಳ ಕೈಯಿಂದ ಕುಯ್ಲು ಬೇಗ ಮುಗಿಯುವುದಿಲ್ಲ, ನಡುವೆ ನಿಲ್ಲುತ್ತದೆ. ಇನ್ನು ಸಂಜೆ ಮನೆಗೆ ಬಂದ ಮೇಲೆ ನೀರಿನ ಕೊಡ, ಬಟ್ಟೆಯ ರಾಶಿ ಅವಳದೇ ಏಕಾಗಬೇಕು? ಆ ನಾಲ್ಕು ತಿಂಗಳಾದರೂ ಕೊಡವನ್ನು ಮನೆಯ ಗಂಡಸರು ಎತ್ತಲಿ. ನನ್ನ ಎಣ್ಣೆಗಿಂತ ಅದರಿಂದಲೇ ಹೆಚ್ಚು ಗುಣ.

ಜಡೆ ಹಾಕುವಾಗ, ನಮಾಜಿನಲ್ಲಿ ತಕ್ಬೀರಿಗೆ ಕೈ ಎತ್ತುವಾಗ ಚಳಕು ಬಂದರೆ, ರಾತ್ರಿ ಆ ಮಗ್ಗುಲಿಗೆ ಮಲಗಲಾಗದಿದ್ದರೆ ಕುಯ್ಲು ಮುಗಿಯಲಿ ಎಂದು ಕಾಯಬೇಡಿ, ತೋರಿಸಿ. ಸಕ್ಕರೆ ಕಾಯಿಲೆ ಇದ್ದವರಲ್ಲಿ ಹೆಗಲಿನ ಕೀಲು ಬಿಗಿದು ನಿಲ್ಲುವ ಸಂಭವ ಹೆಚ್ಚು. ಅಂಥವರು ನೋವಿಗೆ ಹೆದರಿ ವಾರಗಟ್ಟಲೆ ಕೈಯನ್ನು ಕಟ್ಟಿಹಾಕಬಾರದು.

ಕೆಲಸವಿರಲಿ ಬಿಡಲಿ, ಹೆಗಲ ನೋವಿನೊಂದಿಗೆ ಎದೆ ಹಿಡಿದು, ಬೆವರಿ, ಉಸಿರು ಕಟ್ಟಿದಂತಾದರೆ ಅದು ಹೃದಯದ ತೊಂದರೆ ಇರಬಹುದು. ಆಗ ಎಣ್ಣೆಯ ಸೀಸೆ ಹುಡುಕುತ್ತಾ ಕೂರಬೇಡಿ, ನನ್ನಲ್ಲಿಗೂ ಬರಬೇಡಿ. 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಹೋಗಿ.